ಸ್ಪಷ್ಟನೆ: ಕ್ಷೌರದ ಕತ್ತಿಗೆ ಜೀನ್ಸ್ ಪಟ್ಟಿ ಧಾರಾಳ ಸಾಕು

‘ಮಡಚುವ ಕ್ಷೌರದ ಕತ್ತಿಯನ್ನು ಬಟ್ಟೆಗೆ ಉಜ್ಜಿದರೆ ಅದರ ಬಾಯಿ (ಹರಿತದ ಕಡೆ) ಹಾಳು, ಸಾವಿರಾರು ರೂಪಾಯಿಯ ಚರ್ಮದ ಪಟ್ಟಿಯೇ ಬೇಕು’ ಅಂತ ಬಳ್ಳಾರಿಯಲ್ಲಿ ಈ ಕತ್ತಿ ಬಳಸಲು ಕಲಿಯುತ್ತಿರುವ ಹೊಸಬರ ನಡುವೆ ಒಂದು ಮಾತು ಓಡಾಡುತ್ತಿದೆ. ಇದು ತಪ್ಪು. ಜೀನ್ಸ್ ಹೊಲಿಯುವ ಊರಲ್ಲೇ ಇದನ್ನು ಕೇಳಿ ಬೇಜಾರಾಯಿತು.

ಪಟ್ಟಿಯ ಕೆಲಸ ಮಸೆಯುವುದಲ್ಲ. ಬಾಯಿಯ ತೆಳು ಅಂಚನ್ನು ನೇರ ಮಾಡಿ ನಯಗೊಳಿಸುವುದು ಅಷ್ಟೇ. ಹಳೇ ಜೀನ್ಸ್ ಪ್ಯಾಂಟಿನ ಕಾಲಿನಿಂದ 3 ಇಂಚು ಅಗಲ, ಒಂದೂವರೆ ಅಡಿ ಉದ್ದದ ತುಂಡು ಕತ್ತರಿಸಿ. ಹೊಲಿಗೆ ಇರುವ ಭಾಗ ಬೇಡ. ಚೆನ್ನಾಗಿ ಒಗೆದು ಒಣಗಿಸಿ. ನಮ್ಮ ಕಡೆ ಕೆಂಪು ಧೂಳು ಜಾಸ್ತಿ ಅಲ್ವಾ, ಬಾಯಿಗೆ ಗೀರು ಬೀಳಲು ಒಂದು ಮರಳಿನ ಕಣ ಸಾಕು. ಆಮೇಲೆ ಸಪಾಟು ಹಲಗೆಗೆ ಬಿಗಿಯಾಗಿ ಅಂಟಿಸಿ. ಬಟ್ಟೆ ಜೋತುಬಿದ್ದರೆ ಬಾಯಿ ಮೊಂಡಾಗುತ್ತದೆ. ಬಹುಶಃ ಈ ಮಾತು ಹುಟ್ಟಿದ್ದೇ ಅಲ್ಲಿಂದ.

ಕತ್ತಿಯ ಬೆನ್ನು, ಬಾಯಿ ಎರಡೂ ಬಟ್ಟೆಗೆ ತಾಗಿರಲಿ. ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಪಟ್ಟಿಯುದ್ದಕ್ಕೂ ಜಾರಿಸಿ. ಕತ್ತಿಯ ಭಾರವೇ ಸಾಕು, ಒತ್ತಬೇಡಿ. ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ಬನ್ನಿ. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಕತ್ತರಿಸುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದು, ಅದಕ್ಕೇ ಮೊದಲ ಪಟ್ಟಿ ಅಗ್ಗದ್ದೇ ಇರಲಿ. 30 ಸಲ ನಿಧಾನವಾಗಿ ಮಾಡಿ.

ಬಟ್ಟೆ ಸಿಗದಿದ್ದರೆ ಮಡಚಿದ ದಿನಪತ್ರಿಕೆಯೂ ಆಗುತ್ತದೆ. ಅದರ ಶಾಯಿಯ ಕರಿ ಮೆಲ್ಲಗೆ ಪಾಲಿಶ್ ಮಾಡುತ್ತದೆ.

ಚರ್ಮ ಇನ್ನೂ ನಯ ಕೊಡುತ್ತದೆ, ನಿಜ. ಕೈ ಪಳಗಿದ ಮೇಲೆ ಕೊಳ್ಳಿ. ಪೂರ್ತಿ ಮೊಂಡಾದ ಕತ್ತಿಗೆ ಮಾತ್ರ ಸಾಣೆ ಕಲ್ಲೇ ಬೇಕು. ಬ್ಲೇಡ್ ಬದಲಿಸುವ ಕತ್ತಿಗೆ ಇದ್ಯಾವುದೂ ಬೇಡ.