ಇಲ್ಲದ ಕಾರ್ಡು, ಇರುವ ರಾಯರು

"ನಿಮ್ಮ ಮೆಷಿನ್ನು ಇವತ್ತೂ ಸತ್ತಿತ್ತು ಕಣ್ರೀ. ರೀಸ್ಟಾರ್ಟ್ ಮಾಡಿಟ್ಟಿದ್ದೀನಿ."

ಮೊನ್ನೆ ಬೆಳಗ್ಗೆ ನಾನಿನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ. ಪಕ್ಕದ ಸೀಟಿನ ಹಿರಿಯರು ತುಂಬಾ ಉಪಕಾರ ಮಾಡಿದ ಮುಖದಲ್ಲಿ ಹೀಗೆ ಹೇಳಿದರು. ಸತ್ತಿದ್ದು ದೊಡ್ಡ ವಿಷಯವಲ್ಲ. ಆ 'ಇವತ್ತೂ' ಇದೆಯಲ್ಲ, ಅದರ ಕೊನೆಯ ದೀರ್ಘ ಕೇಳಿ ನನ್ನ ಎದೆ ಝಲ್ಲೆಂದಿತು.

"ಇವತ್ತೂ ಅಂದ್ರೆ?"

"ನಿನ್ನೇನೂ ಸತ್ತಿತ್ತಲ್ಲ. ಮೊನ್ನೇನೂ. ನೀವು ಬರೋದು ಒಂಬತ್ತೂವರೆಗೆ. ನಾನು ಎಂಟಕ್ಕೇ ಬರ್ತೀನಿ. ಸುಮ್ನೆ ನಿಮಗ್ಯಾಕೆ ತೊಂದರೆ ಅಂತ..."

ನಾನು ಕುರ್ಚಿ ಹುಡುಕಿಕೊಂಡು ಕೂತೆ.

ನನ್ನ ಹೊಟ್ಟೆಪಾಡು ಏನು ಅಂತ ಮೊದಲು ಹೇಳಿಬಿಡುತ್ತೇನೆ. ವರ್ಚುವಲ್ ಮೆಷಿನ್ನಿನೊಳಗಿರುವ ವರ್ಚುವಲ್ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬರೆಯೋದು. ಅಂದರೆ ಇಲ್ಲದ ಕಂಪ್ಯೂಟರಿನಲ್ಲಿರುವ ಇಲ್ಲದ ಕಾರ್ಡನ್ನು ಓಡಿಸೋದು. ಕಾರ್ಡು ಇದೆಯಾ ಅಂತ ಗೆಸ್ಟ್ (ಆ ಇಲ್ಲದ ಕಂಪ್ಯೂಟರು) ಕೇಳಿದರೆ ಹೋಸ್ಟ್ (ಅದನ್ನು ಹೊತ್ತಿರುವ ನಿಜವಾದ ಕಂಪ್ಯೂಟರು) ಕಣ್ಣು ಮಿಟುಕಿಸದೆ "ಇದೆ" ಅನ್ನುತ್ತೆ. ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ಏನು ಅಂದರೆ 52:54:00:12:34:56 ಅನ್ನುತ್ತೆ. ನಾವಾಗಿ ಬೇರೆ ಕೊಡದಿದ್ದರೆ, ಇಂಥ ಇಲ್ಲದ ಕಂಪ್ಯೂಟರುಗಳನ್ನು ಓಡಿಸುವ ಕ್ಯೂಇಎಂಯು ಎಂಬ ತಂತ್ರಾಂಶ ಮೊದಲ ಕಾರ್ಡಿಗೆ ಹಚ್ಚುವ ವಿಳಾಸ ಅದು. ಸುಳ್ಳು ಹೇಳುವಾಗಲೂ ಎಂಥ ಸೋಮಾರಿತನ ನೋಡಿ, ಒಂದು ಎರಡು ಮೂರು ನಾಲ್ಕು ಐದು ಆರು.

ಹಿಂದೆಲ್ಲ ಈ ಸುಳ್ಳನ್ನು ತುಂಬಾ ಶ್ರದ್ಧೆಯಿಂದ ಹೇಳಬೇಕಿತ್ತು. ನಿಜವಾದ ಕಾರ್ಡಿನೊಳಗೆ ಮಾಹಿತಿ ಇಡುವ ಪುಟ್ಟ ಜಾಗಗಳಾದ ಒಂದೊಂದು ರಿಜಿಸ್ಟರನ್ನೂ ಹೋಸ್ಟ್ ನಟಿಸಬೇಕು, ಗೆಸ್ಟ್ ಅದನ್ನು ನಂಬಬೇಕು. ಆಮೇಲೆ ರಸ್ಟಿ ರಸೆಲ್ ಎಂಬ ಲಿನಕ್ಸ್ ಪ್ರೋಗ್ರಾಮರ್ ವರ್ಟ್‌ಐಓ ತಂದರು. ಕಾರ್ಡು ಇಲ್ಲ ಅಂತ ಇಬ್ಬರಿಗೂ ಗೊತ್ತಿರುವಾಗ ನಾಟಕ ಯಾಕೆ, ನೇರವಾಗಿ ವ್ಯವಹಾರ ಮಾಡೋಣ ಅನ್ನೋದೇ ಅದರ ಒಟ್ಟು ಸಾರ. 2008ರ ಜನವರಿಯಲ್ಲಿ ಬಂದ 2.6.24 ಲಿನಕ್ಸ್‌ನಿಂದ ಅದು ಕರ್ನೆಲ್‌ನಲ್ಲೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ. ನಮ್ಮದು ಲಿನಕ್ಸ್ ಅಲ್ಲ, ಇನ್ನೂ ಅಂಬೆಗಾಲಿಡುತ್ತಿರುವ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್. ನೆಟ್‌ವರ್ಕಿನಲ್ಲಿ ಡೇಟಾ ತಪ್ಪದೆ ತಲುಪಿಸುವ ಟಿಸಿಪಿ ಇನ್ನೂ ಬಂದಿಲ್ಲ. ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕಿನಲ್ಲಿ "ಇದ್ದೀಯಾ?" ಅಂತ ಕೇಳಿದರೆ, "ಇದ್ದೀನಿ" ಅನ್ನೋದಷ್ಟೇ ಕಲಿತಿದೆ. ಆ ಒಂದು ಮಾತಿಗೂ ಡ್ರೈವರ್ ಬೇಕಲ್ಲ, ಅದಕ್ಕೆ ನಾನು.

ಹೋದ ವಾರ ಟೆಸ್ಟಿಂಗ್‌ನವರು ದೂರು ಕೊಟ್ಟರು. ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ನೆಟ್‌ವರ್ಕ್ ಇರಲ್ಲ. ಸರಿ ಅಂತ ನಾನೂ ಒಂದು ಮೆಷಿನ್ ಎಬ್ಬಿಸಿ, ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಹೋಸ್ಟ್‌ನಿಂದ ಪಿಂಗ್ ಹಚ್ಚಿದೆ. ಸೆಕೆಂಡಿಗೊಂದು. ಮರುದಿನ ಬಂದು ನೋಡಿದರೆ ಪಿಂಗ್ ಓಡುತ್ತಲೇ ಇದೆ! ಮೂರು ದಿನ ಇದೇ ಕಥೆ. ಎದೆ ಉಬ್ಬಿಸಿ ಟೆಸ್ಟಿಂಗ್‌ನವರಿಗೆ ಬರೆದೆ: "ನನ್ನ ಹತ್ತಿರ ಚೆನ್ನಾಗಿಯೇ ಇದೆ." ಈ ವಾಕ್ಯ ನೀವೂ ಬರೆದಿರುತ್ತೀರಿ. ಬರೆಯುವಾಗ ಎಷ್ಟು ಸುಖ ಅಂತ ಬೇರೆ ಹೇಳಬೇಕಾಗಿಲ್ಲ.

ಒಂದು ಸಣ್ಣ ಅನುಮಾನ ಬಂದಿದ್ದು ನಿಜ. ಇಪ್ಪತ್ತೊಂದು ಗಂಟೆ ಓಡಿದ ಪಿಂಗ್ 75,000 ದಾಟಿರಬೇಕು. ಪರದೆಯ ಮೇಲೆ 5,400ರ ಆಸುಪಾಸು ಇತ್ತು. ಆದರೆ ಪಿಂಗ್‌ನ ಸರಣಿ ಸಂಖ್ಯೆ ಇರೋದು 16 ಬಿಟ್‌ಗಳಲ್ಲಿ. 65,535 ಆದಮೇಲೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರಿನ ಹಾಗೆ ಸುತ್ತಿಕೊಂಡು ಸೊನ್ನೆಗೆ ಬರುತ್ತೆ. ಹಾಗೇ ಸುತ್ತಿರಬೇಕು ಅಂದುಕೊಂಡೆ. ಕಳೆದು ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ನೋಡಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಯಾಕೆಂದರೆ ಎಂಟು ಗಂಟೆಯಿಂದ ಒಂಬತ್ತೂವರೆಗೆ ಸರಿಯಾಗಿ 5,400 ಸೆಕೆಂಡು.

ಎಂಟು ಗಂಟೆಗೆ ರಾಯರು ಬರುತ್ತಾರೆ.

ಅವರ ಹೆಸರು ಬೇರೆ. ನಾವು ಬೆನ್ನ ಹಿಂದೆ ಕರೆಯೋದು ರೀಸ್ಟಾರ್ಟ್ ರಾಯರು ಅಂತ. ಯಾವ ರೋಗಕ್ಕೂ ಅವರಲ್ಲಿ ಒಂದೇ ಮದ್ದು. ಪ್ರಿಂಟರ್ ಮುನಿಸಿಕೊಂಡಿತಾ, ರೀಸ್ಟಾರ್ಟ್. ಕಂಪೈಲರ್ ಬೈಯುತ್ತಿದೆಯಾ, ರೀಸ್ಟಾರ್ಟ್. ಒಂದು ಸಲ ಮೀಟಿಂಗ್ ದಾರಿ ತಪ್ಪಿದಾಗ "ಎಲ್ಲರೂ ಎದ್ದು ಹೊರಗೆ ಹೋಗಿ ಮತ್ತೆ ಬರೋಣ" ಅಂದಿದ್ದರು. ಹೋಗಿ ಬಂದೆವು. ಆಶ್ಚರ್ಯ ಏನಂದ್ರೆ ಮೀಟಿಂಗ್ ಐದೇ ನಿಮಿಷಕ್ಕೆ ಮುಗಿಯಿತು.

ಅವರು ಮಾಡುವ ಕ್ರಮವನ್ನು ಮೊನ್ನೆ ನನಗೋಸ್ಕರ ಇನ್ನೊಮ್ಮೆ ಮಾಡಿ ತೋರಿಸಿದರು. ಮೊದಲು ಪೆನ್ನಿನ ಹಿಂಭಾಗದಿಂದ ಮಾನಿಟರಿನ ಮೂಲೆಗೆ ಎರಡು ಸಲ ಟಕಟಕ. ಒಳಗೆ ಯಾರಾದರೂ ಇದ್ದಾರಾ ಅಂತ ಕೇಳುವ ಹಾಗೆ. ಆಮೇಲೆ ಓಡುತ್ತಿದ್ದ ಪಿಂಗ್ ನಿಲ್ಲಿಸಿದರು. ಮೇಲ್ಮುಖದ ಬಾಣದ ಕೀಲಿಯನ್ನು ಅದೇ ಪೆನ್ನಿನಿಂದ ಒತ್ತುತ್ತಾ ಹಳೇ ಕಮಾಂಡುಗಳಲ್ಲಿ ವರ್ಚುವಲ್ ಮೆಷಿನ್ ಎಬ್ಬಿಸುವುದನ್ನು ಹುಡುಕಿದರು. ಎಂಟರ್. ಮತ್ತೆ ಬಾಣ, ಬಾಣ, ಪಿಂಗ್, ಎಂಟರ್. ಮಧ್ಯದಲ್ಲಿ ಒಂದು 'ಕ್ಲಿಯರ್' ಬೇರೆ.

"ಕ್ಲಿಯರ್ ಯಾಕೆ ಸರ್?"

"ಪರದೆ ಗಲೀಜಾಗಿತ್ತಲ್ಲ. ಉದ್ದಕ್ಕೂ ಅನ್‌ರೀಚಬಲ್, ಅನ್‌ರೀಚಬಲ್ ಅಂತ ಬಂದಿತ್ತು. ಬೆಳಗ್ಗೆ ಬೆಳಗ್ಗೆ ನೀವು ಅದನ್ನ ನೋಡೋದು ಬೇಡ ಅಂತ."

ಕೊಲೆಯಾದ ಮನೆಗೆ ಪೊಲೀಸರಿಗಿಂತ ಮೊದಲೇ ಹೋಗಿ, ನೆಲ ಗುಡಿಸಿ ಒರೆಸಿ, ಹೆಣವನ್ನೂ ಎಬ್ಬಿಸಿ ಕೂರಿಸಿದ ಹಾಗಾಯ್ತು. ಬೈಯೋಣ ಅಂದರೆ ಮನುಷ್ಯ ಮಾಡಿದ್ದು ಸಹಾಯ. ಜೊತೆಗೆ ಹೊಟ್ಟೆ ಉರಿಯುವ ವಿಷಯ ಏನಂದ್ರೆ, ಅವರ ಮದ್ದು ಪ್ರತಿ ಸಲವೂ ಕೆಲಸ ಮಾಡಿತ್ತು.

ಇಂಥ ಹೊತ್ತಲ್ಲಿ ನಿಜವಾದ ಕಾರ್ಡುಗಳ ನೆನಪಾಗುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಕೇಬಲ್ ಕಟ್ಟುತ್ತಿದ್ದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆಗಳನ್ನು ಉಗುರಿನಲ್ಲಿ ನೇರ ಮಾಡಿ ಕನೆಕ್ಟರಿಗೆ ತೂರಿಸಿ ಅಮುಕಿದರೆ ಆಯ್ತು. ಪೋರ್ಟಿಗೆ ಚುಚ್ಚಿದ ಕೂಡಲೇ 'ಟಿಕ್' ಅನ್ನೋ ಸದ್ದು, ಮರುಕ್ಷಣ ಹಸಿರು ದೀಪ. ಪ್ಯಾಕೆಟ್ ಬಂದಾಗಲೆಲ್ಲ ಮಿಣಕ್ ಮಿಣಕ್. ಕ್ಲಿಪ್ಪು ಮುರಿದಿದ್ದರೆ ಕಾಗದ ಮಡಚಿ ಸಂದಿಗೆ ತುರುಕುತ್ತಿದ್ದೆವು. ಏನೂ ಆಗದಿದ್ದರೆ ಕೇಬಲ್ಲನ್ನಾದರೂ ಬೈಯಬಹುದಿತ್ತು. ಈಗಿನದಕ್ಕೆ ದೀಪವೂ ಇಲ್ಲ, ಕಿತ್ತು ಚುಚ್ಚೋದಕ್ಕೆ ಕೇಬಲ್ಲೂ ಇಲ್ಲ. 'ಲಿಂಕ್ ಅಪ್' ಅಂತ ತೋರಿಸುತ್ತೆ. ನಂಬಬೇಕು, ಅಷ್ಟೆ.

ಮಧ್ಯಾಹ್ನ ಹೊಸದಾಗಿ ಪಿಂಗ್ ಹಚ್ಚಿ, ಕೀಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದೆ: 'ಸತ್ತರೂ ಮುಟ್ಟಬೇಡಿ.' ರಾಯರು ಓದಿ "ಛೇ" ಅಂದರು. ನಂಬಿಕೆ ಸಾಲದೆ ನಿನ್ನೆ ಏಳೂವರೆಗೇ ಬಂದು ಕೂತೆ.

ಸತ್ತಿತ್ತು! ಕೊನೆಯ ಉತ್ತರ ಬಂದದ್ದು 65,100ರ ಹತ್ತಿರ. ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿ-ಡಂಪ್ ಹಾಕಿದರೆ ಹೋಸ್ಟ್ ಒಂದೇ ಸಮನೆ ಏಆರ್‌ಪಿ ಕೂಗು ಹಾಕುತ್ತಿತ್ತು. 'ಈ ವಿಳಾಸದವರು ಯಾರು? ಇದ್ದರೆ ನನಗೆ ಹೇಳಿ.' ಸೆಕೆಂಡಿಗೊಮ್ಮೆ. ಬಾಗಿಲು ಹಾಕಿದ ಮನೆ ಮುಂದೆ ನಿಂತು ಕರೆಯುವ ಹಾಗೆ. ಕೇಳಿ ನನಗೇ ಸಂಕಟ ಆಯ್ತು.

ಇದರ ವ್ಯವಹಾರ ಸರಳ. ಹೋಸ್ಟ್ ಮತ್ತು ಡ್ರೈವರ್ ಮಧ್ಯೆ ಒಂದು ರಿಂಗ್ ಇದೆ, ನಮ್ಮದರಲ್ಲಿ 256 ಗೂಡು. ಡ್ರೈವರ್ ಅದರಲ್ಲಿ ಖಾಲಿ ಬಫರ್, ಅಂದರೆ ಪ್ಯಾಕೆಟ್ ತುಂಬುವ ಡಬ್ಬಿ, ಇಡಬೇಕು. ಹೋಸ್ಟ್ ಪ್ಯಾಕೆಟ್ ತುಂಬಿ ತನ್ನ ಎಣಿಕೆಯನ್ನು ಒಂದು ಹೆಚ್ಚಿಸುತ್ತೆ. ಡ್ರೈವರ್ ತಾನು ಎಲ್ಲಿವರೆಗೆ ನೋಡಿದ್ದೇನೆ ಅಂತ ಇನ್ನೊಂದು ಎಣಿಕೆ ಇಟ್ಟುಕೊಂಡಿರುತ್ತೆ. ಮೆಮೊರಿ ತೆಗೆದು ನೋಡಿದೆ. ನನ್ನ ಎಣಿಕೆ 65,535. ಹೋಸ್ಟ್‌ನದು 255.

ಐದು ನಿಮಿಷ ಸುಮ್ಮನೆ ನೋಡಿದೆ. ಆಮೇಲೆ ನನ್ನ ಹಣೆ ನಾನೇ ಚಚ್ಚಿಕೊಂಡೆ. ಆ ಎಣಿಕೆಯೂ 16 ಬಿಟ್! ಅದೂ ಸುತ್ತಿ ಸೊನ್ನೆಗೆ ಬರುತ್ತೆ. ನಾನು ಬರೆದಿದ್ದ ಷರತ್ತು: ನನ್ನ ಎಣಿಕೆ ಹೋಸ್ಟ್‌ನದಕ್ಕಿಂತ ಚಿಕ್ಕದಿದ್ದರೆ ಹೊಸ ಪ್ಯಾಕೆಟ್ ಬಂದಿದೆ. ಹೋಸ್ಟ್ ಸೊನ್ನೆಗೆ ಹೋದ ಕ್ಷಣದಿಂದ ಡ್ರೈವರ್ ಪಾಲಿಗೆ ಏನೂ ಬಂದಿಲ್ಲ. ಹೋಸ್ಟ್ 256 ಗೂಡನ್ನೂ ತುಂಬಿಸಿ, ಖಾಲಿ ಬಫರ್ ಸಿಗದೆ ಕೈಚೆಲ್ಲಿ ಕೂತಿತ್ತು. ಸೆಕೆಂಡಿಗೊಂದು ಪಿಂಗ್ ಅಂದರೆ 65,536 ಆಗೋಕೆ 18 ಗಂಟೆ 12 ನಿಮಿಷ. ಮಧ್ಯೆ ಮಧ್ಯೆ ಏಆರ್‌ಪಿಯೂ ಎಣಿಕೆಗೆ ಸೇರಿಕೊಳ್ಳುವುದರಿಂದ ಒಂಚೂರು ಮುಂಚೆಯೇ. ಮಧ್ಯಾಹ್ನ ಹಚ್ಚಿದ್ದು ಬೆಳಗಿನ ಜಾವ ಸಾಯಲೇಬೇಕು. ರಾಯರ ರೀಸ್ಟಾರ್ಟ್ ಎರಡೂ ಎಣಿಕೆಯನ್ನು ಸೊನ್ನೆ ಮಾಡುತ್ತಿತ್ತು, ಮತ್ತೆ 18 ಗಂಟೆ ಆಯಸ್ಸು. ಪಿಂಗ್‌ನ ಮೀಟರ್ ಸುತ್ತುತ್ತೆ ಅಂತ ಗೊತ್ತಿದ್ದ ಬುದ್ಧಿವಂತನಿಗೆ ತನ್ನದೂ ಸುತ್ತುತ್ತೆ ಅಂತ ಹೊಳೆಯಲಿಲ್ಲ. ಟೆಸ್ಟಿಂಗ್‌ನವರಿಗೆ ಬರೆದ ಆ ವಾಕ್ಯ ನೆನಪಾಗಿ ಕಿವಿ ಬಿಸಿಯಾಯ್ತು.

ಇಷ್ಟು ದಿನದ ಕೆಲಸ ಒಂದು ಚಿಹ್ನೆಗೆ ಮುಗಿಯಿತು. 'ಚಿಕ್ಕದಾ?' ಅಂತ ಕೇಳೋದನ್ನು ತೆಗೆದು 'ಬೇರೆನಾ?' ಅಂತ ಕೇಳೋದನ್ನು ಹಾಕಿದೆ. ಹಳೇ ಡ್ರೈವರಿಗೆ ಪುರುಸೊತ್ತೇ ಕೊಡದೆ ಒಂದರ ಹಿಂದೊಂದು ಬರುವ ಫ್ಲಡ್ ಪಿಂಗ್ ಹಾಕಿದರೆ ಕೆಲವೇ ನಿಮಿಷದಲ್ಲಿ ಉಸಿರು ನಿಂತಿತು. ಹೊಸದು ಜಗ್ಗಲಿಲ್ಲ. ಇಷ್ಟು ಸುಲಭದ ಪರೀಕ್ಷೆ ಮೊದಲ ದಿನವೇ ಯಾಕೆ ಮಾಡಲಿಲ್ಲ ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಆದರೂ ಮನಸ್ಸು ಕೇಳಬೇಕಲ್ಲ. ನಿನ್ನೆ ಹನ್ನೊಂದಕ್ಕೆ ಸೆಕೆಂಡಿಗೊಂದರ ಪಿಂಗನ್ನೇ ಮತ್ತೆ ಹಚ್ಚಿ, ಇವತ್ತು ಬೆಳಗಿನ ಜಾವ ಐದಕ್ಕೆ ಎದ್ದು ಮನೆಯಿಂದಲೇ ನೋಡುತ್ತಾ ಕೂತೆ. ಹೆಂಡತಿ ಅರ್ಧ ಕಣ್ಣು ತೆರೆದಳು.

"ಏನ್ರೀ ಅದು, ಒಂದೇ ಸಾಲು ಓಡ್ತಾ ಇದೆ?"

"ಈಗ ಸೊನ್ನೆ ಆಗುತ್ತೆ, ನೋಡು."

"ಆಗ್ಲಿ," ಅಂತ ಮಗ್ಗುಲಾದಳು.

65,534. 65,535. ಸೊನ್ನೆ. ಒಂದು. ಎರಡು. ಕೂಗೋಣ ಅನ್ನಿಸಿತು. ಹೊತ್ತು ನೋಡಿ ಸುಮ್ಮನಾದೆ.

ಆಫೀಸಿಗೆ ಹೋದ ಕೂಡಲೇ ರಾಯರ ಮುಂದೆ ನಿಂತೆ. ರಿಂಗು, ಗೂಡು, 16 ಬಿಟ್, ಸುತ್ತು, ಚಿಹ್ನೆ, ಎಲ್ಲವನ್ನೂ ಕೈ ಬೀಸಿ ವಿವರಿಸಿದೆ. ಅವರು ಪೆನ್ನು ಗಲ್ಲಕ್ಕೆ ಒತ್ತಿಕೊಂಡು ಪೂರ್ತಿ ಕೇಳಿದರು.

"ಅಲ್ರೀ, ಹೊಸ ಡ್ರೈವರ್ ಹಾಕಿದ್ಮೇಲೆ ಮೆಷಿನ್ನು ರೀಸ್ಟಾರ್ಟ್ ಮಾಡಿದ್ರಾ?"

"ಮಾಡಲೇಬೇಕಲ್ಲ ಸರ್, ಇಲ್ಲಾಂದ್ರೆ ಲೋಡ್ ಆಗಲ್ಲ."

"ಮತ್ತೆ?" ಅಂದರು ರಾಯರು. ಮಾನಿಟರಿನ ಮೂಲೆಗೆ ಎರಡು ಸಲ ಟಕಟಕ ಬಡಿದು ತಮ್ಮ ಸೀಟಿಗೆ ಹೋದರು.