ಒಗಟಿನಂಥ ರ್ಯಾಪ್ ನಮಗೆ ಬೇಕಾ?

ಪರ: ಗಂಟು ಬಿಚ್ಚೋದ್ರಲ್ಲೇ ಮಜಾ ಇರೋದು

ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಲ್ಲಿ ಓಡಾಡುವ ಕನ್ನಡ ಮೇಷ್ಟ್ರು. ಅರವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಒಂದು ದಿನ ಅಕ್ಕನ ಮಗ ನನ್ನ ಮೊಬೈಲಿಗೆ ಒಂದು ಆಲ್ಬಮ್ ಹಾಕಿಕೊಟ್ಟು, 'ಮಾಮ, ಇದರ ತಲೆಬುಡ ತಿಳಿದ್ರೆ ಹೇಳ್ರಿ, ಬೆಣ್ಣೆ ದೋಸೆ ಕೊಡಿಸ್ತೀನಿ' ಎಂದ.

ಅದು 'ಮ್ಯಾಡ್‌ವಿಲನಿ', 2004ರದು. ಮಾತು ರ್ಯಾಪರ್ ಎಂಎಫ್ ಡೂಮ್‌ನದು, ಸಂಗೀತ ಮ್ಯಾಡ್‌ಲಿಬ್‌ನದು. ಒಟ್ಟು 22 ತುಣುಕು, 46 ನಿಮಿಷ. ಬಸ್ಸು ಭರಮಸಾಗರ ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತದೆ. ಮೊದಲ ದಿನ ನನಗೆ ತಿಳಿದದ್ದು ಇಷ್ಟೇ: ಯಾರೋ ನಿದ್ದೆಗಣ್ಣಲ್ಲಿ ಗೊಣಗುತ್ತಿದ್ದಾನೆ, ಹಿಂದೆ ಅಕಾರ್ಡಿಯನ್ ಉಬ್ಬಸದಲ್ಲಿ ಉಸಿರೆಳೆಯುತ್ತಿದೆ. ದೋಸೆ ಹೋಯಿತು. ಆದರೆ ಮಾರನೇ ದಿನ ಬಸ್ ಹತ್ತಿದ ಕೂಡಲೇ ಕೈ ಮತ್ತೆ ಅದನ್ನೇ ಒತ್ತಿತು.

ಯಾಕೆ ಅಂತ ತಿಳಿಯಲು ಒಂದು ವಾರ ಹಿಡಿಯಿತು. ಅರ್ಥಕ್ಕಿಂತ ಮೊದಲು ಕಿವಿಗೆ ಪ್ರಾಸ ಸಿಕ್ಕಿತ್ತು. ಹಳಗನ್ನಡ ಪಾಠ ಮಾಡುವಾಗ ಹುಡುಗರಿಗೆ ಆದಿಪ್ರಾಸ ತೋರಿಸುತ್ತೇನೆ. ಪದ್ಯದ ಎಲ್ಲ ಸಾಲುಗಳಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ. ಕವಿ ಮೊದಲ ಸಾಲಲ್ಲಿ ಒಂದು ಗೂಟ ಹೊಡೆದರೆ ಕೊನೆಯವರೆಗೂ ಅದಕ್ಕೇ ಕಟ್ಟಿಕೊಂಡು ಸುತ್ತಬೇಕು. ಡೂಮ್‌ಗೆ ಸಾಲಿನ ಕೊನೆಯ ಒಂದು ಪದದ ಪ್ರಾಸ ಸಾಲದು. ಮೂರ್ನಾಲ್ಕು ಉಚ್ಚಾರದ ಗೊಂಚಲನ್ನೇ ಕಿತ್ತು ತಂದು ಮುಂದಿನ ಸಾಲಿನ ನಡುವೆ ನೆಡುತ್ತಾನೆ. ನಾವು ಕೊನೆಗೆ ಕಾಯುತ್ತಿರುತ್ತೇವೆ, ಅವನು ಆಗಲೇ ಮುಂದೆ ಹೋಗಿರುತ್ತಾನೆ. ಬಹುಪಾಲು ಹಾಡಿಗೆ ಪಲ್ಲವಿಯೂ ಇಲ್ಲ. ಕಿವಿ ಕುಂತು ಸುಧಾರಿಸಿಕೊಳ್ಳಲು ಒಂದು ಕಟ್ಟೆ ಕೂಡ ಇಲ್ಲ!

ಇದು ಹೊರಗಿನ ಚಟ ಅನ್ನುವವರಿಗೆ ಒಂದು ಮಾತು. ಅಲ್ಲಮನ ಬೆಡಗಿನ ವಚನ ಕೇಳಿದ ಕೂಡಲೇ ಯಾರಿಗೆ ತಿಳಿದಿದೆ? ಗಮಕ ನೋಡಿ. ಒಬ್ಬರು ಕುಮಾರವ್ಯಾಸನ ಪದ್ಯ ಹಾಡಿ ನಿಲ್ಲಿಸುತ್ತಾರೆ, ಪಕ್ಕದಲ್ಲಿ ಕೂತವರು ಬಿಡಿಸಿ ಹೇಳುತ್ತಾರೆ. 'ತಿಳಿಯದ ಹಾಗೆ ಯಾಕೆ ಬರೆದ' ಅಂತ ಯಾರೂ ಎದ್ದು ಹೋಗುವುದಿಲ್ಲ. ಈಗಿನ ಹುಡುಗರು ರ್ಯಾಪ್ ಸಾಲಿನ ಅರ್ಥಗಳನ್ನು ಮೊಬೈಲಲ್ಲಿ ಹುಡುಕಿ ಓದುತ್ತಾರಲ್ಲ, ಅದೂ ವ್ಯಾಖ್ಯಾನವೇ. ಪಕ್ಕದಲ್ಲಿ ಶಾಲು ಹೊದ್ದು ಕೂತವರಿಲ್ಲ, ಅಷ್ಟೇ.

ಈ ಆಲ್ಬಮ್ಮಿನ ಹಿಂದೆ ಒಂದು ಕಥೆಯೂ ಇದೆ. 2002ರಲ್ಲಿ ಮ್ಯಾಡ್‌ಲಿಬ್ ಬ್ರೆಜಿಲ್‌ಗೆ ಹೋಗಿದ್ದಾಗ ಕಚ್ಚಾ ಪ್ರತಿ ಕಳುವಾಗಿ ಇಂಟರ್ನೆಟ್‌ನಲ್ಲಿ ಹರಿದಾಡಿತು. ಇಬ್ಬರೂ ಬೇಸತ್ತು ಬೇರೆ ಕೆಲಸ ಹಿಡಿದರು. ಮತ್ತೆ ಕೈಗೆತ್ತಿಕೊಂಡಾಗ ಡೂಮ್ ದನಿ ಇಳಿಸಿ, ಆತುರ ಬಿಟ್ಟು, ಒರಟು ಗಂಟಲಲ್ಲಿ ಹೊಸದಾಗಿ ಹಾಡಿದ. ನನ್ನ ಲೆಕ್ಕದಲ್ಲಿ ಆಲ್ಬಮ್ ಉಳಿದದ್ದೇ ಅದರಿಂದ. ಅಷ್ಟು ದಟ್ಟವಾದ ಮಾತನ್ನು ಕೂಗಿ ಹೇಳಿದ್ದರೆ ತಲೆನೋವು ಬರುತ್ತಿತ್ತು.

ಇನ್ನೊಂದು, ಇದು ಸುಮ್ನೆ ತಮಾಷೆಗೆ. ತನ್ನ ಹೆಸರನ್ನು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು ಅಂತ ಡೂಮ್ ಹಾಡಿನಲ್ಲೇ ತಾಕೀತು ಮಾಡುತ್ತಾನೆ. ಕನ್ನಡದಲ್ಲಿ ಬರೆಯುವ ನನಗೆ ಆ ತಂಟೆಯೇ ಇಲ್ಲ.

ಈಗ ನಲವತ್ತನೇ ಸಲವೋ ಐವತ್ತನೇ ಸಲವೋ ಕೇಳುತ್ತಿದ್ದೇನೆ. ಮೊನ್ನೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಒಂದು ಸಾಲಿನ ಶ್ಲೇಷೆ ತಟ್ಟನೆ ಹೊಳೆದು ಒಬ್ಬನೇ ನಕ್ಕೆ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು.

ವಿರೋಧ: ಮಾಮ ಮೆಚ್ಚಿದ್ದು ಆಳ ಅಲ್ಲ, ದೂರ

ಮಾಮನಿಗೆ ಇದನ್ನು ಹಚ್ಚಿದ್ದು ನಾನೇ, ತಪ್ಪು ನನ್ನದೇ. ಅವರು ಬಿದ್ದರು, ನಾನು ಎದ್ದು ಹೊರಗೆ ಬಂದೆ.

ರ್ಯಾಪ್‌ನ ತಾಯಿಬೇರಾದ ಹಿಪ್-ಹಾಪ್ ಹುಟ್ಟಿದ್ದು ಎಲ್ಲಿ? 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟ್ ಹಾಲಿನಲ್ಲಿ. ತಂಗಿ ಇಟ್ಟ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕಿದ. ಹಾಡಿನಲ್ಲಿ ಬರೀ ಡ್ರಮ್ಸ್ ಬರುವ ಭಾಗಕ್ಕೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವನು ಗಮನಿಸಿದ್ದ. ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ ಇಟ್ಟು ಅದೊಂದೇ ಭಾಗವನ್ನು ಎಳೆದೂ ಎಳೆದೂ ಬಾರಿಸಿದ. ಮೈಕ್ ಹಿಡಿದವನ ಕೆಲಸ ಕುಣಿಯುವವರನ್ನು ಹುರಿದುಂಬಿಸುವುದು. ವ್ಯಾಖ್ಯಾನ ಬೇಕಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ನಾನೂ ಡೂಮ್ ಆಗಲು ಹೋಗಿದ್ದೆ. ಒಂದು ತಿಂಗಳು ಕೂತು ಹದಿನಾರು ಸಾಲು ಬರೆದೆ. ಸಾಲಿಗೆ ನಾಲ್ಕು ಪ್ರಾಸ, ಎರಡು ಶ್ಲೇಷೆ. ಮದಕರಿ ನಾಯಕ, ಕಾಟನ್ ಮಿಲ್ಲು, ದುಗ್ಗಮ್ಮನ ಜಾತ್ರೆ ಎಲ್ಲವನ್ನೂ ತುರುಕಿದೆ. ನಮ್ಮ ಏರಿಯಾದ ಗಣಪತಿ ಪೆಂಡಾಲಲ್ಲಿ ಹಾಡಿದೆ. ಮುಂದಿನ ಸಾಲಲ್ಲಿ ಮಂಡಕ್ಕಿ-ಮಿರ್ಚಿ ಗಾಡಿಯ ಅಣ್ಣ ಪೇಪರ್ ಪೊಟ್ಟಣ ಕೈಯಲ್ಲೇ ಹಿಡಿದು ನಿಂತಿದ್ದರು. ಹಾಡು ಮುಗಿದ ಮೇಲೆ ಹತ್ತಿರ ಬಂದು ಕೇಳಿದರು: 'ತಮ್ಮಾ, ಯಾರ ಮ್ಯಾಲೆ ಸಿಟ್ಟು?' ಆ ಹಾಡಲ್ಲಿ ಸಿಟ್ಟೇ ಇರಲಿಲ್ಲ. ಅರ್ಧ ಹಾಡು ಅವರ ಗಾಡಿಯ ಬಗ್ಗೆಯೇ ಇತ್ತು!

ಮಾಮನ ಗಮಕದ ಮಾತಿಗೆ ಬರ್ತೀನಿ. ಅಲ್ಲಿ ಬಿಡಿಸಿ ಹೇಳುವವರು ಅದೇ ವೇದಿಕೆಯಲ್ಲಿ, ಅದೇ ಗಳಿಗೆಯಲ್ಲಿ ಇರುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಕೇಳಿಕೊಂಡು ಮನೆಗೆ ಹೋಗಬಹುದು. ಡೂಮ್‌ಗೆ ಬೇಕಾಗಿರುವುದು ಇಂಗ್ಲಿಷು, ಇಂಟರ್ನೆಟ್ಟು ಮತ್ತು ಮಾಮನಂತೆ ದಿನಾ ಒಂದೂವರೆ ಗಂಟೆ ಬಸ್ಸಲ್ಲಿ ಖಾಲಿ ಕೂರುವ ನೌಕರಿ.

ಇನ್ನು ಆಳದ ಮಾತು. ಡೂಮ್ ತೊಟ್ಟ ಲೋಹದ ಮುಖವಾಡ ಮಾರ್ವೆಲ್ ಕಾಮಿಕ್ಸಿನ ಖಳ ಡಾಕ್ಟರ್ ಡೂಮ್‌ನನ್ನು ನೆನಪಿಸುವಂಥದ್ದು. ಆಲ್ಬಮ್ ತುಂಬ ಹಳೇ ಸಿನಿಮಾ, ಕಾರ್ಟೂನುಗಳ ತುಣುಕು. ಅಮೆರಿಕದಲ್ಲಿ ಬೆಳೆದ ಹುಡುಗನಿಗೆ ಅದು ಬಾಲ್ಯದ ಮನೆಮಾತು. ನಮ್ಮಲ್ಲಿ ಯಾರಾದರೂ ಬಯಲಾಟದ ರಾಕ್ಷಸನ ವೇಷ ಹಾಕಿ ಬಂದು ರ್ಯಾಪ್ ಮಾಡಿದ ಹಾಗೆ. ಅಲ್ಲಿಯವರಿಗೆ ಕೂಡಲೇ ನಗು ಬರುವ ಕಡೆ ನಮ್ಮ ಮಾಮ ಟಿಪ್ಪಣಿ ಓದಿ, ವಾರ ಬಿಟ್ಟು ನಗುತ್ತಾರೆ. ಆಮೇಲೆ ಅದಕ್ಕೆ ಅಲ್ಲಮನ ಹೆಸರು ಹಚ್ಚುತ್ತಾರೆ. ಅವರ ಖುಷಿಯಲ್ಲಿ ಅರ್ಧ ಪಾಲು 'ನಾನು ಕಂಡುಹಿಡಿದೆ' ಅನ್ನೋದರದ್ದು, ಅಲ್ವಾ?

ಆ ಮುಖವಾಡದ ಇನ್ನೊಂದು ಕಥೆಯನ್ನು ಮಾಮ ಹೇಳಲಿಲ್ಲ. ಕೆಲವು ಕಾರ್ಯಕ್ರಮಗಳಿಗೆ ಡೂಮ್ ತನ್ನ ಬದಲು ಬೇರೆಯವರಿಗೆ ಮುಖವಾಡ ಹಾಕಿ ಕಳಿಸಿದ್ದ. ದುಡ್ಡು ಕೊಟ್ಟು ಬಂದವರು ಕೂಗಾಡಿದರು. ಅಭಿಮಾನಿಗಳು ಅದನ್ನೂ ಒಂದು ಒಗಟು ಅಂತಲೇ ಸಂಭ್ರಮಿಸುತ್ತಾರೆ. ನಮ್ಮೂರಲ್ಲಿ ಹಂಗೆ ಮಾಡಿದ್ದರೆ ಕುರ್ಚಿ ಹಾರುತ್ತಿದ್ದವು.

ಪದ ಎಣಿಸುವ ಹುಚ್ಚು ಬೇರೆ. 2014ರಲ್ಲಿ ಒಬ್ಬರು ಪ್ರತಿ ರ್ಯಾಪರ್‌ನ ಮೊದಲ 35,000 ಪದ ತೆಗೆದುಕೊಂಡು, ಅದರಲ್ಲಿ ಬೇರೆ ಬೇರೆ ಪದ ಎಷ್ಟಿವೆ ಅಂತ ಲೆಕ್ಕ ಹಾಕಿದರು. ಏಸಪ್ ರಾಕ್ ಅನ್ನುವವನಿಗೆ 7,392. ಅದೇ ಅಳತೆಯಲ್ಲಿ ಷೇಕ್ಸ್‌ಪಿಯರ್‌ಗೆ 5,170. ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎಣಿಸಬೇಕು, ಸರಿ. ಹಾಡಲ್ಲಿ ಪದ ಎಣಿಸಿ ಯಾರಿಗೆ ಮಾರೋದು?

ಚಳ್ಳಕೆರೆ ತಾಲ್ಲೂಕಿನ ಜನಪದ ಹಾಡುಗಾರ್ತಿ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಅವರ ನಾಲಿಗೆ ಮೇಲೆ ಸಾವಿರಾರು ಹಾಡಿದ್ದವು. ಪಕ್ಕದಲ್ಲಿ ಕೂತವರು ಸೊಲ್ಲಿಗೆ ಸೊಲ್ಲು ಸೇರಿಸಿ ಹಾಡುವಂಥವು. ನನಗೆ ಬೇಕಾಗಿರುವ ದಟ್ಟತೆ ಅದು. ಬರೆಯಲು ಇನ್ನೂ ಬರುತ್ತಿಲ್ಲ, ಒಪ್ಪಿಕೊಳ್ಳುತ್ತೇನೆ.

ಹೊಸ ಹಾಡು ಒಂದು ಆಗಿದೆ. ಪಲ್ಲವಿ ಇದೆ, ಎರಡೇ ಸಾಲು. ಮಂಡಕ್ಕಿ ಅಣ್ಣ ಮಿರ್ಚಿ ಕರಿಯುತ್ತಾ ಎರಡನೇ ಸಲಕ್ಕೇ ಗುನುಗಿದರು. ಮಾಮನಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, 'ಅಳಿಯ, ಮೂರನೇ ಸಾಲಲ್ಲಿ ಪ್ರಾಸ ತಪ್ಪಿದೆಯಲ್ಲೋ' ಎಂದರು. ಬೇಕಂತಲೇ ತಪ್ಪಿಸಿದ್ದು ಅಂತ ನಾನು ಹೇಳಲಿಲ್ಲ. ಇನ್ನೊಂದು ನಲವತ್ತು ಸಲ ಕೇಳಲಿ.