ಹಂದಿಮಾಂಸಕ್ಕೆ ಹುಳಿ ಯಾವಾಗ ಬೀಳಬೇಕು?

ಕ್ರಿಸ್‌ಮಸ್ ರಜೆಗೆ ಮಂಗಳೂರಿಗೆ ಬಂದಿದ್ದೆ. ನಾನು ಅಮೆರಿಕದಲ್ಲಿ ತಿನ್ನುವ ಪೋರ್ಕ್ ಸ್ಯಾಂಡ್‌ವಿಚ್ ತಮ್ಮನ ಮಕ್ಕಳಿಗೂ ಬೇಕಂತೆ. ತಮ್ಮ ಆಗಲೇ ಬಾರ್ಬೆಕ್ಯೂ ಸಾಸಿನ ಬಾಟಲಿ ತಂದಿಟ್ಟಿದ್ದ. ಅದನ್ನು ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ವಿನೆಗರ್ ಕೇಳಿದೆ. ಅಮ್ಮನಿಗೆ ಆಶ್ಚರ್ಯ. "ಅವರೂ ದುಕ್ರಾ ಮಾಸಿಗೆ (ಹಂದಿಮಾಂಸಕ್ಕೆ) ವಿನೆಗರ್ ಹಾಕ್ತಾರಾ ಪುತಾ?"

ಹಾಕುತ್ತಾರೆ. ನಾನು 12 ವರ್ಷದಿಂದ ಇರುವ ನಾರ್ತ್ ಕ್ಯಾರೊಲಿನಾದಲ್ಲಿ ಬಾರ್ಬೆಕ್ಯೂ ಅಂದರೆ ಹಂದಿಮಾಂಸವೇ. ಪೂರ್ವದ ಕಡೆಯವರು ಇಡೀ ಹಂದಿ ಬೇಯಿಸಿ ವಿನೆಗರ್, ಮೆಣಸಿನ ಸಾಸ್ ಸೇರಿಸುತ್ತಾರೆ, ಟೊಮೆಟೊ ಮುಟ್ಟುವುದಿಲ್ಲ. ಅದೇ ರಾಜ್ಯದ ಲೆಕ್ಸಿಂಗ್ಟನ್ ಊರಿನ ಕಡೆಯವರಿಗೆ ಭುಜದ ಮಾಂಸವೇ ಆಗಬೇಕು, ವಿನೆಗರಿಗೆ ಸ್ವಲ್ಪ ಕೆಚಪ್ ಬೀಳುತ್ತದೆ. ಸಿಹಿಯಾದ ದಪ್ಪ ಸಾಸೇ ಬಾರ್ಬೆಕ್ಯೂ ಅಂತ ನಮ್ಮಲ್ಲಿ ಅಂದುಕೊಂಡಿದ್ದೇವಲ್ಲ, ಅದು ನನಗೆ ಬೇಸರದ ವಿಷಯ.

ನಮ್ಮ ಕಡೆಯ ಹಂದಿಮಾಂಸದ ಪದಾರ್ಥ ಬಾಫಾತಿನಲ್ಲಿ ಹುಳಿ ಮೊದಲೇ ಪಾತ್ರೆಗೆ ಬೀಳುತ್ತದೆ. ಬಾಫಾತ್ ಪುಡಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಎಲ್ಲದರ ಜೊತೆಗೇ ಬೇಯುತ್ತದೆ. ಎಣ್ಣೆ ಬೇಡ, ಕೊಬ್ಬು ಕರಗಿದರೆ ಸಾಕು. ಮರುದಿನ ಬಿಸಿ ಮಾಡಿ ತಿಂದರೆ ರುಚಿ ಇನ್ನೂ ಜಾಸ್ತಿ. ನಾರ್ತ್ ಕ್ಯಾರೊಲಿನಾದಲ್ಲಿ ಹುಳಿ ಬರುವುದು ಕೊನೆಗೆ, ಮಾಂಸ ಎಳೆ ಎಳೆಯಾಗಿ ಬಿಡಿಸಿದ ಮೇಲೆ. ಹಾಗಾಗಿ ಮಾಂಸದ ರುಚಿ ಬೇರೆಯಾಗಿ, ಹುಳಿ ಬೇರೆಯಾಗಿ ನಾಲಿಗೆಗೆ ಸಿಗುತ್ತದೆ.

ಎರಡು ಕಿಲೋ ಭುಜ ತಂದೆ, ಮೂಳೆ ಸಮೇತ. ಕೊಬ್ಬು ತೆಗೆದು ಕೊಡಲಾ ಅಂತ ಅಂಗಡಿಯವರು ಕೇಳಿದರು, ಬೇಡ ಅಂದೆ. ಉಪ್ಪು, ಕಾಳುಮೆಣಸು, ಪುಡಿ ಮಾಡಿದ ಓಲೆಬೆಲ್ಲ ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ 120 ಡಿಗ್ರಿಯ ಓವನ್ನಿಗೆ ಹಾಕಿದೆ. ಮಾಂಸದ ಒಳಗೆ 63 ಡಿಗ್ರಿ ಬಂದರೆ ತಿನ್ನಬಹುದು, ಆದರೆ ಅದನ್ನು ಚಾಕುವಿನಲ್ಲೇ ಕೊಯ್ಯಬೇಕು. ಎಳೆಯಾಗಿ ಬಿಡಬೇಕಾದರೆ 93ರಿಂದ 95 ಬೇಕು, ಗಟ್ಟಿ ನಾರೆಲ್ಲ ಅಂಟಾಗಿ ಕರಗಿ ಮುಗಿಯುವುದು ಆಗಲೇ. ಮಧ್ಯೆ 70ರ ಆಸುಪಾಸಿನಲ್ಲಿ ಥರ್ಮಾಮೀಟರಿನ ಮುಳ್ಳು ಮೇಲೇರುವುದೇ ಇಲ್ಲ. ಮಾಂಸದ ನೀರು ಆವಿಯಾಗುತ್ತಾ ಅದನ್ನು ತಂಪು ಮಾಡುತ್ತಿರುತ್ತದೆ. ತಮ್ಮ ಉರಿ ಜಾಸ್ತಿ ಮಾಡೋಣ ಅಂದ. ನಾನು ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಬಿಗಿದು ಮತ್ತೆ ಒಳಗಿಟ್ಟೆ. ಒಟ್ಟು ಏಳು ಗಂಟೆ ಹಿಡಿಯಿತು. ಮೂಳೆ ಹಿಡಿದು ಎಳೆದರೆ ಒರೆಸಿಟ್ಟ ಹಾಗೆ ಬೆಳ್ಳಗೆ ಹೊರಗೆ ಬಂತು. ಹೊಗೆಗೆ ಅಲ್ಲಿ ಹಿಕರಿ ಮರ, ಇಲ್ಲಿ ತೆಂಗಿನ ಗೆರಟೆಯ ಕೆಂಡ. ಪಾತ್ರೆಯೊಳಗೆ ಪುಟ್ಟ ಬಟ್ಟಲಲ್ಲಿ ಕೆಂಡ ಇಟ್ಟು ಹತ್ತು ನಿಮಿಷ ಮುಚ್ಚಿಟ್ಟೆ.

ಜೊತೆಗೆ ಮಾಡಿದ್ದು ಸಣ್ಣಗೆ ಹೆಚ್ಚಿದ ಕ್ಯಾಬೇಜ್. ಲೆಕ್ಸಿಂಗ್ಟನ್ನಿನವರು ಅದಕ್ಕೆ ಮೇಯೊನೀಸ್ ಹಾಕುವುದಿಲ್ಲ, ಮಾಂಸದ ಸಾಸನ್ನೇ ಕಲಸುತ್ತಾರೆ. ನಮ್ಮ ಕೋಸಂಬರಿಯ ಹತ್ತಿರದ ನೆಂಟ ಅಂತ ನನಗನಿಸುತ್ತದೆ. ಓಲೆಬೆಲ್ಲ, ಸಾಸಿವೆ ಹಾಕಿ ಬೇಯಿಸಿದ ಅಲಸಂಡೆ ಬೀಜ, ಒಂದೆರಡು ಮಿಡಿ ಉಪ್ಪಿನಕಾಯಿ. ಬನ್ನು ಬೇಕರಿಯ ಸಪ್ಪೆ ಬನ್ನು, ಬಾಳೆಹಣ್ಣಿನ ಮಂಗಳೂರು ಬನ್ಸ್ ಅಲ್ಲ. ಕ್ಯಾಬೇಜು ತಟ್ಟೆಯ ಬದಿಯಲ್ಲಿ ಕೂರುವುದಲ್ಲ, ಮಾಂಸದ ಮೇಲೆ ಬನ್ನಿನೊಳಗೇ ಹೋಗಬೇಕು.

ಈ ವಿಷಯದಲ್ಲಿ ಅವರು ನಮಗಿಂತ ಮುಂದೆ. ನಮ್ಮ ಮದುವೆ, ಮದುವೆಯ ಮುನ್ನಾದಿನದ ರೋಸ್ ಊಟಗಳಲ್ಲಿ ಪೋರ್ಕಿನ ಮೇಲೆ ಪೋರ್ಕು, ಗ್ರೇವಿಯ ಮೇಲೆ ಗ್ರೇವಿ. ತಣ್ಣಗಿನ ಹಸಿ ತರಕಾರಿ ಅಂದರೆ ಮೂಲೆಯಲ್ಲೊಂದು ತಟ್ಟೆ ಈರುಳ್ಳಿ. ನಾಲ್ಕು ತುಂಡಿಗೇ ಬಾಯಿ ಜಿಡ್ಡಾಗುತ್ತದೆ, ಅಲ್ವಾ? ಹಿಡಿ ಕ್ಯಾಬೇಜಿಗೆ ವಿನೆಗರ್ ಬೆರೆಸಿ ಪಕ್ಕಕ್ಕೆ ಬಡಿಸಲು ಎಷ್ಟು ಖರ್ಚು?

ಆದರೆ ಬನ್ನಿನ ವಿಷಯದಲ್ಲಿ ನಾನು ಅಮ್ಮನ ಕಡೆ. ಮರುದಿನ ಬೆಳಿಗ್ಗೆ ಶೇಂದಿ ಹಾಕಿ ಹುಬ್ಬಿಸಿದ, ಇಡ್ಲಿಯಂಥ ಸನ್ನ ಇಳಿಸಿ, ಅಡ್ಡಕ್ಕೆ ಸೀಳಿ, ಉಳಿದ ಮಾಂಸ ಮತ್ತು ಕ್ಯಾಬೇಜು ತುಂಬಿ ಕೊಟ್ಟರು. ಬನ್ನು ಸಾಸಿಗೆ ಒದ್ದೆಯಾಗಿ ಕುಸಿಯುತ್ತದೆ. ಸನ್ನ ಅಷ್ಟೂ ರಸ ಹೀರಿಕೊಂಡು ಗಟ್ಟಿಯಾಗಿ ನಿಂತಿತ್ತು. ಪಕ್ಕದ ಮನೆಯ ಶೆಟ್ಟರು ಎರಡು ತಿಂದು "ಲಾಯ್ಕ್ ಉಂಡು" ಅಂದರು. ಅಲ್ಲಿ ನನಗೆ ಶೇಂದಿ ಸಿಗುವುದಿಲ್ಲ. ಯೀಸ್ಟ್ ಹಾಕಿಯಾದರೂ ಮುಂದಿನ ಸಲ ಅಲ್ಲಿನ ಗೆಳೆಯರಿಗೆ ಸನ್ನದಲ್ಲೇ ಕೊಡುತ್ತೇನೆ.